200 ಮೆಗಾಪಿಕ್ಸೆಲ್ ಅಂದರೆ ಎಂತ ಮಾರಾಯ್ರೆ? (ಪಾಡ್‌ಕಾಸ್ಟ್‌ನ ಪಠ್ಯರೂಪ)

ಪರ್ಕಳದಿಂದ ಮಾತಾಡ್ತಾ ಇದ್ದೇನೆ. ಮಧ್ಯೆ ಮಧ್ಯೆ ಹೆಬ್ರಿ ಕಡೆ ಹೋಗುವ ಬಸ್ಸಿನ ಹಾರ್ನ್ ಕೇಳಿದರೆ ಬೇಸರ ಮಾಡಬೇಡಿ, ನಮ್ಮ ಮನೆ ರಸ್ತೆಗೆ ತಾಗಿಕೊಂಡೇ ಉಂಟು. ಇಯರ್‌ಫೋನ್ ಹಾಕಿಕೊಂಡವರು ವಾಲ್ಯೂಮ್ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ.

ಕಳೆದ ಭಾನುವಾರ ಚಿಕ್ಕಮ್ಮನ ಮಗ ಮನೆಗೆ ಬಂದಿದ್ದ. ಡಿಗ್ರಿ ಎರಡನೇ ವರ್ಷ. ರಜೆಯಲ್ಲಿ ಕೇಟರಿಂಗ್‌ನಲ್ಲಿ ಬಡಿಸ್ಲಿಕ್ಕೆ ಹೋಗಿ 25 ಸಾವಿರ ಒಟ್ಟು ಮಾಡಿದ್ದಾನೆ. ಹೊಸ ಫೋನ್ ಬೇಕು. ಎರಡು ಸ್ಕ್ರೀನ್‌ಶಾಟ್ ತೋರಿಸಿದ. ಒಂದರಲ್ಲಿ 200 ಮೆಗಾಪಿಕ್ಸೆಲ್ ಕ್ಯಾಮೆರಾ, ಇನ್ನೊಂದರಲ್ಲಿ 50. ಬೆಲೆ ಹೆಚ್ಚುಕಡಿಮೆ ಒಂದೇ. "ಅಕ್ಕ, 200 ಅಂದ್ರೆ ನಾಲ್ಕು ಪಟ್ಟು ಒಳ್ಳೇದಲ್ವಾ? ಇದರಲ್ಲಿ ಯೋಚನೆ ಮಾಡ್ಲಿಕ್ಕೆ ಎಂತ ಉಂಟು?" ಅಂತ ಕೇಳಿದ. ಮನೆಯಲ್ಲಿ ನಾವು ಮಾತಾಡುದು ತುಳು, ನಿಮಗೋಸ್ಕರ ಕನ್ನಡದಲ್ಲಿ ಹೇಳ್ತಾ ಇದ್ದೇನೆ.

ನನ್ನ ಹತ್ತಿರವೇ ಯಾಕೆ ಕೇಳಿದ ಅಂದರೆ, ಮದುವೆ ವಿಡಿಯೊ ಎಡಿಟ್ ಮಾಡುದು ನನ್ನ ಕೆಲಸ. ಅವನಿಗೆ ಅವಸರ ಯಾಕೆ ಅಂದರೆ, ಅಷ್ಟಮಿಗೆ ಇನ್ನು ಮೂರೇ ವಾರ. ಅವನ ಅಪ್ಪ, ಅಂದರೆ ನನ್ನ ಚಿಕ್ಕಪ್ಪ, ಇಪ್ಪತ್ತೆರಡು ವರ್ಷದಿಂದ ಹುಲಿವೇಷ ಹಾಕ್ತಾರೆ. ಮೊಣಗಂಟು ಸವೆದಿದೆ, ಇನ್ನು ಸಾಕು ಅಂತ ಡಾಕ್ಟ್ರು ಹೇಳಿಯಾಗಿದೆ. ಈ ಸಲದ ವಿಟ್ಲಪಿಂಡಿಯೇ ಕೊನೆಯ ವೇಷ. ಅದನ್ನು ಮಗ ವಿಡಿಯೊ ಮಾಡಬೇಕು. ಎರಡನೇ ಟೇಕ್ ಇಲ್ಲ.

ಹಾಗಾಗಿ ಇವತ್ತಿನ ಸಂಚಿಕೆಯಲ್ಲಿ ಫೋನ್ ಡಬ್ಬದ ಮೇಲೆ ಬರೆದಿರುವ ಶಬ್ದಗಳ ಬಗ್ಗೆ ಮಾತಾಡುವ. ಅದಕ್ಕೆ ಮೊದಲು ನಾನೇ ಹಾಳು ಮಾಡಿದ ಒಂದು ವಿಡಿಯೊದ ಕತೆ ಹೇಳ್ತೇನೆ.

2016ರಲ್ಲಿ ನಮ್ಮ ಅಜ್ಜ ಮನೆಯ ಚಾವಡಿಯಲ್ಲಿ ನಡೆದ ತಾಳಮದ್ದಳೆಯಲ್ಲಿ ಚೆಂಡೆ ಬಾರಿಸಿದ್ದರು. ಅವರು ಮೇಳದವರಲ್ಲ, ಹವ್ಯಾಸಿ. ಅದರ ನಂತರ ಅವರು ಚೆಂಡೆ ಹೆಗಲಿಗೆ ಹಾಕಲಿಲ್ಲ. ಎರಡು ವರ್ಷದಲ್ಲಿ ತೀರಿಕೊಂಡರು. ಅವತ್ತು ನಾನು ಒಂದೂವರೆ ನಿಮಿಷ ವಿಡಿಯೊ ಮಾಡಿದ್ದೆ. ಹಿಂದಿನ ಸಾಲಲ್ಲಿ ಕೂತುಕೊಂಡು, ಎರಡು ಬೆರಳಿನಲ್ಲಿ ಝೂಮ್ ಎಳೆದು. ಆಮೇಲೆ ಫ್ಯಾಮಿಲಿ ಗ್ರೂಪಿಗೆ ಕಳಿಸಿದೆ. ನನ್ನ ಫೋನಿನದ್ದು 16 ಜಿಬಿ, ಅದು ಯಾವಾಗಲೂ ಭರ್ತಿ. ಗ್ರೂಪಲ್ಲಿ ಹೇಗೂ ಉಂಟಲ್ಲ ಅಂತ ಗ್ಯಾಲರಿಯಿಂದ ಡಿಲೀಟ್ ಮಾಡಿದೆ. ಈಗ ನಮ್ಮ ಹತ್ತಿರ ಇರುದು ಗ್ರೂಪಿನಿಂದ ಇಳಿಸಿಕೊಂಡ ಕಾಪಿ. 11 ಎಂಬಿ. ಅಜ್ಜನ ಮುಖ ಗೊತ್ತಾಗ್ತದೆ. ಕೈ ಇಲ್ಲ. ಕೈ ಇರಬೇಕಾದ ಜಾಗದಲ್ಲಿ ಏನೋ ಚೌಕ ಚೌಕ, ಕಂದು ಬಣ್ಣದ ಮೋಡ. ಪೆಟ್ಟು ಬಿದ್ದಾಗಲೆಲ್ಲ ಸ್ವರ ಒಡೆದು ಬರ್ತದೆ. ಚಾವಡಿಯ ಗೋಡೆ ಮೇಲೆ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಹರಿದುಕೊಂಡು ಹೋಗ್ತವೆ.

ಇದನ್ನು ತಮ್ಮನಿಗೆ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಮತ್ತೆ, "ಸರಿ, ಮೆಗಾಪಿಕ್ಸೆಲಿಂದಲೇ ಸುರು ಮಾಡು" ಅಂದ.

ಮೆಗಾಪಿಕ್ಸೆಲ್ ಅಂದರೆ ಹತ್ತು ಲಕ್ಷ ಚುಕ್ಕಿ. 200 ಮೆಗಾಪಿಕ್ಸೆಲ್ ಅಂದರೆ 20 ಕೋಟಿ ಚುಕ್ಕಿ. ಕೇಳ್ಲಿಕ್ಕೆ ಭಾರೀ ಉಂಟು. ಆದರೆ ವಿಡಿಯೊಕ್ಕೆ ಬೇಕಾಗುದು ಎಷ್ಟು, ಲೆಕ್ಕ ಹಾಕಿ ನೋಡಿ. ಫುಲ್ ಎಚ್‌ಡಿ ಅಥವಾ 1080ಪಿ ಅಂದರೆ ಅಡ್ಡಕ್ಕೆ 1920 ಚುಕ್ಕಿ, ಎತ್ತರಕ್ಕೆ 1080. ಗುಣಿಸಿದರೆ ಸುಮಾರು 20 ಲಕ್ಷದ 74 ಸಾವಿರ. ಅಂದರೆ ಬರೀ ಎರಡು ಮೆಗಾಪಿಕ್ಸೆಲ್! 4ಕೆ ಅಂದರೆ 3840 ಮತ್ತು 2160, ಗುಣಿಸಿದರೆ ಸುಮಾರು 83 ಲಕ್ಷ. ಎಂಟು ಚಿಲ್ಲರೆ ಮೆಗಾಪಿಕ್ಸೆಲ್. 8ಕೆ ಅಂತ ಹೇಳಿದರೂ 3 ಕೋಟಿ 32 ಲಕ್ಷ, ಅಲ್ಲಿಗೆ ಮುಗೀತು. ನೀವು ವಿಡಿಯೊ ಬಟನ್ ಒತ್ತಿದ ಕೂಡಲೇ ಆ 200 ಎಂಬ ಸಂಖ್ಯೆಗೆ ಹೆಚ್ಚಿನ ಕೆಲಸ ಇಲ್ಲ.

ಫೋಟೊಕ್ಕಾದರೂ ಪ್ರಯೋಜನ ಉಂಟಾ ಅಂತ ಕೇಳಬಹುದು. ಮಟಮಟ ಮಧ್ಯಾಹ್ನದ ಬಿಸಿಲಿಗೆ ದೊಡ್ಡ ಫ್ಲೆಕ್ಸ್ ಮಾಡಿಸ್ಲಿಕ್ಕೆ ಫೋಟೊ ತೆಗೆದರೆ ಉಂಟು. ಇಲ್ಲದಿದ್ದರೆ ಫೋನೇ ಪಕ್ಕಪಕ್ಕದ ಚುಕ್ಕಿಗಳನ್ನು ಸೇರಿಸಿ ಒಂದು ಮಾಡ್ತದೆ. ಪಿಕ್ಸೆಲ್ ಬಿನ್ನಿಂಗ್ ಅಂತ ಅದರ ಹೆಸರು. 200ರ ಕ್ಯಾಮೆರಾ ಸಾಮಾನ್ಯವಾಗಿ 16 ಚುಕ್ಕಿಗಳನ್ನು ಸೇರಿಸಿ ಒಂದು ಮಾಡ್ತದೆ, 12.5 ಮೆಗಾಪಿಕ್ಸೆಲಿನ ಫೋಟೊ ಸಿಗ್ತದೆ. 50ರದ್ದು ನಾಲ್ಕನ್ನು ಸೇರಿಸಿ ಒಂದು ಮಾಡ್ತದೆ. ಅದೂ 12.5! ತಮ್ಮ ಫೋನಿನ ಕ್ಯಾಲ್ಕ್ಯುಲೇಟರ್ ತೆಗೆದು ಎರಡು ಸಲ ಭಾಗಿಸಿ ನೋಡಿದ. "ಹಾಗಾದ್ರೆ ಮತ್ತೆ ಈ 200 ಯಾರಿಗೆ?" ಅಂತ ಕೇಳಿದ. ಡಬ್ಬದ ಮೇಲೆ ದೊಡ್ಡದಾಗಿ ಬರೀಲಿಕ್ಕೆ, ಅಂತ ನಾನು ಹೇಳಿದೆ. ಇದು ಸ್ವಲ್ಪ ಅನ್ಯಾಯದ ಮಾತು, ಒಪ್ತೇನೆ. ಒಳ್ಳೆಯ ದೊಡ್ಡ ಸೆನ್ಸರ್ ಇರುವ 200ರ ಫೋನುಗಳೂ ಉಂಟು.

ನಿಜವಾಗಿ ನೋಡಬೇಕಾದ್ದು ಆ ಸೆನ್ಸರನ್ನೇ. ಬೆಳಕು ಬಂದು ಬೀಳುವ ಜಾಗ ಅದು. ನಮ್ಮೂರಿನ ಆಟಿ ತಿಂಗಳ ಮಳೆಗೆ ಅಂಗಳದಲ್ಲಿ ಪಾತ್ರೆ ಇಡ್ತೀರಿ ಅಂತ ಇಟ್ಟುಕೊಳ್ಳಿ. ಒಂದು ಹರಿವಾಣದಷ್ಟು ಜಾಗದಲ್ಲಿ ಇನ್ನೂರು ಸಣ್ಣ ಲೋಟ ಇಟ್ಟರೂ, ಐವತ್ತು ದೊಡ್ಡ ಲೋಟ ಇಟ್ಟರೂ ಬೀಳುವ ನೀರು ಅಷ್ಟೇ. ಹೆಚ್ಚು ನೀರು ಬೇಕಾದರೆ ಅಗಲದ ಕೊಪ್ಪರಿಗೆಯೇ ಬೇಕು. ಸೆನ್ಸರ್ ಅಳತೆಯನ್ನು 1/2.76 ಇಂಚು, 1/1.56 ಇಂಚು ಅಂತ ಬರೀತಾರೆ. ಇದು ಮೂರನೇ ಕ್ಲಾಸಿನ ಭಿನ್ನರಾಶಿ, ಕೆಳಗಿನ ಸಂಖ್ಯೆ ಸಣ್ಣದಾದಷ್ಟು ಸೆನ್ಸರ್ ದೊಡ್ಡದು. ಇಲ್ಲೊಂದು ತಮಾಷೆ ಉಂಟು. ಒಂದು ಇಂಚಿನ ಸೆನ್ಸರ್ ಅಂತ ಹೇಳುವುದರ ಮೂಲೆಯಿಂದ ಮೂಲೆಗೆ ಅಳೆದರೆ ಸುಮಾರು 16 ಮಿಲಿಮೀಟರ್ ಮಾತ್ರ. ಒಂದು ಇಂಚು ಅಂದರೆ 25.4 ಅಲ್ವಾ! ಹಳೇ ಕಾಲದ ಟಿವಿ ಕ್ಯಾಮೆರಾಗಳಲ್ಲಿ ಗಾಜಿನ ಟ್ಯೂಬ್ ಇರುತ್ತಿತ್ತು. ಆ ಟ್ಯೂಬಿನ ಹೊರಗಿನ ಅಗಲದ ಲೆಕ್ಕವನ್ನೇ ಇವತ್ತಿಗೂ ಎಳೆದುಕೊಂಡು ಬಂದಿದ್ದಾರೆ.

ಎಫ್ 1.8, ಎಫ್ 2.4 ಅಂತ ಇರುದು ಲೆನ್ಸಿನ ಬಾಯಿ ಎಷ್ಟು ಅಗಲ ಅಂತ. ಇದರಲ್ಲೂ ಸಂಖ್ಯೆ ಸಣ್ಣದಾದರೆ ಬೆಳಕು ಹೆಚ್ಚು.

ಈಗ ಝೂಮ್. ನಾನು ಅಜ್ಜನ ವಿಡಿಯೊದಲ್ಲಿ ಮಾಡಿದ ಮೊದಲ ತಪ್ಪು ಇದು. ಬೆರಳಿನಲ್ಲಿ ಎಳೆದು ಮಾಡುವ ಝೂಮ್ ಹೆಚ್ಚಿನ ಫೋನುಗಳಲ್ಲಿ ಡಿಜಿಟಲ್ ಝೂಮ್. ಅಂದರೆ ಚಿತ್ರದ ನಡುವಿನ ತುಂಡನ್ನು ಕತ್ತರಿಸಿ ದೊಡ್ಡದು ಮಾಡುದು. ಹತ್ತು ಪಟ್ಟು ಎಳೆದರೆ ಉದ್ದದಲ್ಲಿ ಹತ್ತನೇ ಒಂದು, ಅಗಲದಲ್ಲಿ ಹತ್ತನೇ ಒಂದು, ಒಟ್ಟು ಚಿತ್ರದ ನೂರನೇ ಒಂದು ಭಾಗ ಮಾತ್ರ ಉಳಿಯುದು. ಬಾಕಿ ಫೋನಿನ ಊಹೆ. ಆಪ್ಟಿಕಲ್ ಝೂಮ್ ಅಂದರೆ ದೂರದ್ದನ್ನು ಹತ್ತಿರ ತರುವ ಬೇರೆ ಲೆನ್ಸೇ ಇರುದು. ಪರೀಕ್ಷೆ ಸುಲಭ. ಕಾಪು ಬೀಚಿಗೆ ಹೋದಾಗ ದೂರದಿಂದ ಲೈಟ್‌ಹೌಸಿನ ತುದಿಗೆ ಝೂಮ್ ಮಾಡಿ. 1901ರ ಕಟ್ಟಡ ಅದು, ಎಲ್ಲಿಗೂ ಓಡುದಿಲ್ಲ. ಮೇಲಿನ ಕಂಬಿ ಎಣಿಸ್ಲಿಕ್ಕೆ ಆದರೆ ಲೆನ್ಸ್ ಉಂಟು. ಎಣ್ಣೆ ಬಣ್ಣದ ಚಿತ್ರದ ಹಾಗೆ ಕಲಸಿಕೊಂಡು ಕಂಡರೆ ಅದು ಡಿಜಿಟಲ್. ಅಜ್ಜನ ವಿಡಿಯೊಕ್ಕೆ ಪರಿಹಾರ ಯಾವ ಲೆನ್ಸೂ ಆಗಿರಲಿಲ್ಲ ಬಿಡಿ. ಎದ್ದು ನಾಲ್ಕು ಹೆಜ್ಜೆ ಮುಂದೆ ಹೋಗಿ ಚಾವಡಿಯ ಕಂಬಕ್ಕೆ ಒರಗಿ ಕೂತುಕೊಂಡರೆ ಸಾಕಿತ್ತು. ನಾಚಿಕೆ ಆಯ್ತು ನನಗೆ, ಅಷ್ಟೇ.

ಗೋಡೆ ಮೇಲೆ ಹರಿಯುವ ಕಪ್ಪು ಪಟ್ಟಿಯದ್ದು ನನಗೆ ಇಷ್ಟದ ವಿಷಯ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಹಾಗಾಗಿ ಟ್ಯೂಬ್‌ಲೈಟ್, ಕೆಲವು ಎಲ್‌ಇಡಿ ಬಲ್ಬ್ ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗ್ತವೆ. ನಮ್ಮ ಕಣ್ಣಿಗೆ ಗೊತ್ತಾಗುದಿಲ್ಲ. ಕ್ಯಾಮೆರಾಕ್ಕೆ ಗೊತ್ತಾಗ್ತದೆ, ಯಾಕೆಂದರೆ ಅದು ಒಂದು ಫ್ರೇಮನ್ನು ಒಟ್ಟಿಗೆ ನೋಡುದಿಲ್ಲ, ಸಾಲು ಸಾಲಾಗಿ ಓದಿಕೊಂಡು ಹೋಗ್ತದೆ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್. ಫೋನು 60ರ ಲೆಕ್ಕದಲ್ಲಿದ್ದರೆ ಅದು ಪ್ರತಿ ಫ್ರೇಮಿಗೆ ಸೆಕೆಂಡಿನ 60ನೇ ಒಂದು ಭಾಗ ಬೆಳಕು ತೆಗೆದುಕೊಳ್ತದೆ. ನಮ್ಮ ಲೈಟಿನ ಏರಿಳಿತಕ್ಕೆ ಅದು ತಾಳ ಹೊಂದುದಿಲ್ಲ. ಕೆಲವು ಸಾಲಿಗೆ ಬೆಳಕು ಹೆಚ್ಚು, ಕೆಲವಕ್ಕೆ ಕಡಿಮೆ. ಅದೇ ಪಟ್ಟಿ. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಆ್ಯಂಟಿ ಫ್ಲಿಕರ್ ಅಥವಾ ಆ್ಯಂಟಿ ಬ್ಯಾಂಡಿಂಗ್ ಅಂತ ಇದ್ದರೆ 50 ಹರ್ಟ್ಸ್ ಇಡಿ. ಪ್ರೊ ಮೋಡ್ ಇದ್ದರೆ ಶಟರ್ ಸ್ಪೀಡನ್ನು 1/50 ಅಥವಾ 1/100ಕ್ಕೆ ಇಡಿ. ಹೊಸ ಫೋನುಗಳಲ್ಲಿ ಹೆಚ್ಚಿನವು ತಾವೇ ಗುರುತಿಸ್ತವೆ. ಆದರೂ ಒಮ್ಮೆ ನೋಡಿಕೊಳ್ಳಿ. ಚಿಕ್ಕಪ್ಪನಿಗೆ ಹಿಂದಿನ ರಾತ್ರಿ ಬಣ್ಣ ಬಳಿಯುದು ಟ್ಯೂಬ್‌ಲೈಟಿನ ಕೆಳಗೇ. ಗಂಟೆಗಟ್ಟಲೆ ಎರಡು ಕೈ ಚಾಚಿ ನಿಂತಿರ್ತಾರೆ. ಊದು ಹಾಕುವಾಗ ಹೊಗೆ ಎದ್ದು ಲೈಟಿಗೆ ಹೋಗ್ತದೆ. ಅದರಲ್ಲಿ ಹುಲಿಯ ಪಟ್ಟೆ ಮಾತ್ರ ಬೇಕು, ಕರೆಂಟಿನ ಪಟ್ಟೆ ಬೇಡ.

ಹಾಂ, ಪಟ್ಟೆ ಅಂದಾಗ ನೆನಪಾಯ್ತು. ಬ್ಯೂಟಿ ಮೋಡ್ ಆಫ್ ಮಾಡಿ. ಮುಖ ನಯ ಮಾಡುವ ಫಿಲ್ಟರಿಗೆ ಹುಲಿ ಯಾರು, ಮದುಮಗಳು ಯಾರು ಅಂತ ಭೇದ ಇಲ್ಲ. ಕೆನ್ನೆಯ ಬಣ್ಣವನ್ನೆಲ್ಲ ಉಜ್ಜಿ ಹಾಕ್ತದೆ.

ಮುಂದಿನದ್ದು ಎಫ್‌ಪಿಎಸ್. ಸೆಕೆಂಡಿಗೆ ಎಷ್ಟು ಫ್ರೇಮ್ ಅಂತ. ಸಾಮಾನ್ಯಕ್ಕೆ 30 ಸಾಕು. ಹುಲಿ ಪಲ್ಟಿ ಹಾಕುವಾಗ, ಹಿಂದಕ್ಕೆ ಬಾಗಿ ನೆಲದ ಮೇಲಿನ ನೋಟನ್ನು ಬಾಯಲ್ಲಿ ಎತ್ತುವಾಗ, ಅಕ್ಕಿ ಮುಡಿಯನ್ನು ಹಲ್ಲಲ್ಲಿ ಕಚ್ಚಿ ತಲೆ ಮೇಲಿಂದ ಹಿಂದಕ್ಕೆ ಎಸೆಯುವಾಗ 60 ಇಟ್ಟರೆ ಒಳ್ಳೆಯದು. ಮತ್ತೆ ಎಡಿಟಿಂಗಿನಲ್ಲಿ ಅರ್ಧ ವೇಗಕ್ಕೆ ಇಳಿಸಿದರೂ ನುಣ್ಣಗೆ ಬರ್ತದೆ. 960 ಫ್ರೇಮ್ ಸ್ಲೋಮೋಷನ್ ಅಂತ ಜಾಹೀರಾತು ಕಂಡರೆ ಸ್ವಲ್ಪ ಸಂಶಯ ಇಟ್ಟುಕೊಳ್ಳಿ. ಕೆಲವು ಫೋನು ಕಡಿಮೆ ಫ್ರೇಮ್ ತೆಗೆದು ನಡುವಿನದ್ದನ್ನು ತಾನೇ ಕಲ್ಪಿಸಿ ತುಂಬಿಸ್ತದೆ.

1080ಪಿಯಲ್ಲಿ ಆ 'ಪಿ' ಎಂತ ಅಂತ ತಮ್ಮ ಕೇಳಿದ. ಅವನಿಗೆ ಚಿಕ್ಕಮ್ಮನ ಮದುವೆ ಕ್ಯಾಸೆಟ್ ತೋರಿಸಿದೆ. ವಿಎಚ್‌ಎಸ್, ಅದನ್ನು ಡಿವಿಡಿ ಮಾಡಿಸಿದ್ದು. ಚಿಕ್ಕಪ್ಪ ಹಾರ ಹಾಕ್ಲಿಕ್ಕೆ ಕೈ ಎತ್ತುವಾಗ ಕೈಯ ಅಂಚು ಬಾಚಣಿಗೆಯ ಹಲ್ಲಿನ ಹಾಗೆ ಕಾಣ್ತದೆ. ನಮ್ಮ ದೇಶದಲ್ಲಿ ಟಿವಿಗೆ ಪಾಲ್ ಪದ್ಧತಿ ಇತ್ತು. ಚಿತ್ರದಲ್ಲಿ 576 ಸಾಲು, ಆದರೆ ಒಮ್ಮೆಗೆ ಅರ್ಧ ಮಾತ್ರ. ಮೊದಲು ಒಂದು, ಮೂರು, ಐದನೇ ಸಾಲು, ಮತ್ತೆ ಎರಡು, ನಾಲ್ಕು, ಆರು. ಸೆಕೆಂಡಿಗೆ 50 ಸಲ ಹೀಗೆ. ಇದು ಇಂಟರ್‌ಲೇಸ್, ಅದರ ಗುರುತು 'ಐ'. ಎಲ್ಲ ಸಾಲನ್ನೂ ಒಂದೇ ಫ್ರೇಮಿನಲ್ಲಿ ಕೊಡುದು ಪ್ರೊಗ್ರೆಸಿವ್, ಅದೇ 'ಪಿ'. ಹಳೇ ಕ್ಯಾಸೆಟ್ ಡಿಜಿಟಲ್ ಮಾಡಿಸುವವರು ಅಂಗಡಿಯಲ್ಲಿ ಡಿಇಂಟರ್‌ಲೇಸ್ ಮಾಡಿ ಕೊಡಿ ಅಂತ ಹೇಳಿ. ಆ ಒಂದು ಶಬ್ದ ಗೊತ್ತಿದ್ದರೆ ಸಾಕು, ಬಾಚಣಿಗೆ ಹೋಗ್ತದೆ.

ಕೈ ನಡುಗುದನ್ನು ತಡೆಯಲಿಕ್ಕೆ ಎರಡು ದಾರಿ. ಓಐಎಸ್ ಅಂದರೆ ಕೈ ಅಲುಗಿದಾಗ ಲೆನ್ಸೇ ವಿರುದ್ಧ ಬದಿಗೆ ಸರಿದು ಸಂಭಾಳಿಸುದು. ಇಐಎಸ್ ಅಂದರೆ ಚಿತ್ರದ ನಾಲ್ಕೂ ಅಂಚನ್ನು ಸ್ವಲ್ಪ ಕತ್ತರಿಸಿ, ಆ ಜಾಗದಲ್ಲಿ ಸಾಫ್ಟ್‌ವೇರ್ ಚಿತ್ರವನ್ನು ಸರಿಸುದು. ಎರಡೂ ಇದ್ದರೆ ಉತ್ತಮ. ವಿಟ್ಲಪಿಂಡಿಯ ದಿನ ಉಡುಪಿಯ ರಥಬೀದಿಯಲ್ಲಿ ನಿಮ್ಮ ಕಾಲಿನ ಮೇಲೆ ನೀವೇ ನಿಂತಿದ್ದೀರಾ ಅಂತ ಗ್ಯಾರಂಟಿ ಇರುದಿಲ್ಲ. ಜನ ನೂಕಿದ ಕಡೆ ಹೋಗಬೇಕು. ಅಂಗಡಿಯಲ್ಲಿ ಇದೊಂದನ್ನು ಕೇಳಿಯೇ ಕೇಳಿ: 4ಕೆಯಲ್ಲಿ, 60 ಫ್ರೇಮಿನಲ್ಲಿ ಸ್ಟೆಬಿಲೈಸೇಷನ್ ಕೆಲಸ ಮಾಡ್ತದಾ? ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಅದು 1080ಪಿ 30ರಲ್ಲಿ ಮಾತ್ರ. ಡಬ್ಬದಲ್ಲಿ ಮೂರೂ ಬರೆದಿರ್ತದೆ, ಮೂರೂ ಒಟ್ಟಿಗೆ ಸಿಗ್ತದೆ ಅಂತ ಬರೆದಿರುದಿಲ್ಲ.

ಅಜ್ಜನ ಕೈ ಎಲ್ಲಿ ಹೋಯ್ತು ಅಂತ ಈಗ ಹೇಳ್ತೇನೆ. ಅದಕ್ಕೆ ಬಿಟ್‌ರೇಟ್ ಗೊತ್ತಿರಬೇಕು. ಒಂದು ಸೆಕೆಂಡಿನ ವಿಡಿಯೊಕ್ಕೆ ಎಷ್ಟು ಮಾಹಿತಿ ಖರ್ಚು ಮಾಡ್ತೇವೆ ಅಂತ ಅದರ ಅರ್ಥ. ವಿಡಿಯೊವನ್ನು ಒತ್ತಿ ಕಟ್ಟುವ ವಿಧಾನಕ್ಕೆ ಕೋಡೆಕ್ ಅಂತ ಹೆಸರು. ಎಚ್.264 ಹಳೆಯದು, 2003ರದ್ದು. ಎಚ್.265 ಅಥವಾ ಎಚ್‌ಇವಿಸಿ 2013ರದ್ದು, ಅದು ಇನ್ನೂ ಬಿಗಿಯಾಗಿ ಕಟ್ಟುತ್ತದೆ. ಕೋಡೆಕ್ ಮಾಡುವ ಉಪಾಯ ಎಂತ ಅಂದರೆ, ಬದಲಾಗದ್ದನ್ನು ಮತ್ತೆ ಮತ್ತೆ ಬರೆಯುದಿಲ್ಲ. ಗೋಡೆ ಹಿಂದಿನ ಫ್ರೇಮಿನಲ್ಲಿ ಇದ್ದ ಹಾಗೇ ಉಂಟು, ಬಿಡು ಅಂತ ಹೇಳಿ ಮುಂದೆ ಹೋಗ್ತದೆ. ಖರ್ಚೆಲ್ಲ ಅಲುಗುವ ವಸ್ತುವಿಗೆ. ಬಿಟ್‌ರೇಟ್ ತೀರಾ ಕಡಿಮೆಯಾದರೆ ಮೊದಲು ಹಾಳಾಗುದೂ ಅದೇ. ಅವತ್ತು ಚಾವಡಿಯಲ್ಲಿ ಎಲ್ಲಕ್ಕಿಂತ ವೇಗವಾಗಿ ಅಲುಗುತ್ತಿದ್ದದ್ದು ಅಜ್ಜನ ಕೈ.

ನನ್ನ ಫೋನಿನಲ್ಲಿ ಆ ಒಂದೂವರೆ ನಿಮಿಷ ಸುಮಾರು 190 ಎಂಬಿ ಇದ್ದಿರಬೇಕು. ಚಾಟ್ ಆ್ಯಪ್‌ನಿಂದ ಹೋಗುವಾಗ 11 ಆಯ್ತು. 20 ಲಕ್ಷ ಚುಕ್ಕಿಯ ಫ್ರೇಮ್ 4 ಲಕ್ಷಕ್ಕೆ ಇಳಿಯಿತು. ಬೇಗ ಹೋಗಬೇಕು, ಡೇಟಾ ಉಳಿಯಬೇಕು ಅಂತ ಅದು ಹಾಗೆ ಮಾಡುದು, ಅದರ ಕೆಲಸವೇ ಅದು. ಮೂಲವನ್ನು ಅಳಿಸಿದ್ದು ನಾನು. ಕೇಳಿ, ಇದೊಂದು ಮಾತು ನೆನಪಿಟ್ಟುಕೊಳ್ಳಿ: ಕುಗ್ಗಿದ ವಿಡಿಯೊವನ್ನು ಯಾವ ಆ್ಯಪ್ ಹಾಕಿ ಹಿಗ್ಗಿಸಿದರೂ ಹೋದದ್ದು ವಾಪಸ್ ಬರುದಿಲ್ಲ. ಈಗಿನ ಎಐ ಟೂಲ್‌ಗಳಲ್ಲಿ ಹಾಕಿ ನೋಡಿದೆ. ಕೈ ಬಂತು. ಚಂದದ ಬೆರಳು ಬಂತು. ಆದರೆ ಅದು ಅಜ್ಜನ ಕೈ ಅಲ್ಲ. ಅವರ ಎಡಗೈಯ ಕಿರುಬೆರಳು ಸೊಟ್ಟ ಇತ್ತು. ಅಮ್ಮ ನೋಡಿ, "ಇದು ಯಾರದ್ದು?" ಅಂದರು. ಆ ಫೈಲನ್ನು ಅಳಿಸಿದೆ.

ಕಳಿಸುವಾಗ ಗ್ಯಾಲರಿಯಿಂದ ಆರಿಸುವ ಬದಲು ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ವಾಟ್ಸ್ಆ್ಯಪ್‌ನಲ್ಲಿ 2 ಜಿಬಿವರೆಗೆ ಹಾಗೇ ಹೋಗ್ತದೆ, ಕುಗ್ಗುದಿಲ್ಲ. ಎಚ್‌ಡಿ ಅಂತ ಒತ್ತಿದರೂ ಅದು ಮೂಲ ಅಲ್ಲ, ಸ್ವಲ್ಪ ಕಡಿಮೆ ಕುಗ್ಗಿಸಿದ್ದು ಅಷ್ಟೇ. ಜಾಗದ ಲೆಕ್ಕ ಬೇಕಾದರೆ ಐಫೋನಿನ ಸೆಟ್ಟಿಂಗಿನಲ್ಲೇ ಬರೆದಿರ್ತದೆ. ಎಚ್‌ಇವಿಸಿಯಲ್ಲಿ 1080ಪಿ 30ಕ್ಕೆ ನಿಮಿಷಕ್ಕೆ ಸುಮಾರು 60 ಎಂಬಿ, 4ಕೆ 30ಕ್ಕೆ 170, 4ಕೆ 60ಕ್ಕೆ 400. ಅಂದರೆ 40 ನಿಮಿಷ ಹುಲಿ ಕುಣಿದರೆ 16 ಜಿಬಿ. ಅಜ್ಜನ ಕಾಲದ ನನ್ನ ಇಡೀ ಫೋನು!

ಸ್ವರದ ಬಗ್ಗೆ ಡಬ್ಬದ ಮೇಲೆ ಯಾರೂ ಬರೆಯುದಿಲ್ಲ. ತಾಸೆಯ ಪಕ್ಕದಲ್ಲೇ ನಿಂತು ರೆಕಾರ್ಡ್ ಮಾಡಿದರೆ ಮೈಕಿಗೆ ಹಿಡಿಯುವಷ್ಟಕ್ಕಿಂತ ಹೆಚ್ಚು ಶಬ್ದ ಹೋಗ್ತದೆ, ಅಲೆಯ ತುದಿ ಕತ್ತರಿಸಿ ಹೋಗ್ತದೆ. ಕ್ಲಿಪ್ಪಿಂಗ್ ಅಂತ ಹೆಸರು. ಒಡೆದ ಸ್ವರವನ್ನು ಎಡಿಟಿಂಗಿನಲ್ಲಿ ಸರಿ ಮಾಡ್ಲಿಕ್ಕೆ ನೋಡಿ ನಾನು ಎಷ್ಟೋ ರಾತ್ರಿ ಕೂತಿದ್ದೇನೆ, ಪೂರ್ತಿ ಸರಿಯಾಗುದಿಲ್ಲ. ತಾಸೆಯವರಿಂದ ನಾಲ್ಕೈದು ಮಾರು ದೂರ ನಿಲ್ಲಿ. ಫೋನಿನ ಕೆಳಗಿನ ತೂತನ್ನು ಬೆರಳಲ್ಲಿ ಮುಚ್ಚಬೇಡಿ, ಅಡ್ಡ ಹಿಡಿದಾಗ ಹೆಚ್ಚಿನವರು ಮುಚ್ಚುತ್ತಾರೆ.

ಎಲ್ಲ ಕೇಳಿ ತಮ್ಮ 50 ಮೆಗಾಪಿಕ್ಸೆಲಿನದ್ದೇ ತೆಗೆದುಕೊಂಡ. ಅದರಲ್ಲಿ ಓಐಎಸ್ ಉಂಟು, ಸೆನ್ಸರ್ ಇನ್ನೊಂದಕ್ಕಿಂತ ದೊಡ್ಡದು, 256 ಜಿಬಿ. ಅಂಗಡಿಯಲ್ಲಿ ಡೆಮೊ ಫೋನ್ ಹಿಡಿದುಕೊಂಡು ನಿಂತಲ್ಲೇ ಜಾಗಿಂಗ್ ಮಾಡಿ ವಿಡಿಯೊ ತೆಗೆದ. ಅಂಗಡಿಯವರು ನಕ್ಕರು. ನಗಲಿ.

ಮೊನ್ನೆ ಸಂಜೆ ಅಂಗಳದಲ್ಲಿ ಟ್ರಯಲ್. ಚಿಕ್ಕಪ್ಪ ಲುಂಗಿ ಎತ್ತಿ ಕಟ್ಟಿ, ಬಣ್ಣ ಇಲ್ಲ, ತಲೆ ಇಲ್ಲ, ತಾಸೆಯೂ ಇಲ್ಲ, ಚಿಕ್ಕಮ್ಮ ಬಕೆಟ್ ಬಡಿದದ್ದಕ್ಕೆ ಎರಡು ನಿಮಿಷ ಕುಣಿದರು. ಬಾಗುವಾಗ ಒಮ್ಮೆ ಮೊಣಗಂಟು ಹಿಡಿದುಕೊಂಡರು. ಮತ್ತೆ ವಿಡಿಯೊ ನೋಡಿ, "ಎಡಗಾಲು ಇನ್ನೂ ಹೊರಗೆ ಬರಬೇಕು. ಇನ್ನೊಮ್ಮೆ ತೆಗಿ" ಅಂದರು. ಇನ್ನೊಮ್ಮೆ ತೆಗೆದ. ಅದನ್ನೂ ನೋಡಿ ಇನ್ನೊಮ್ಮೆ ಅಂದರು. ಚಿಕ್ಕಮ್ಮ ಬಕೆಟ್ ಒಳಗೆ ತೆಗೆದುಕೊಂಡು ಹೋದ ಮೇಲೆ ನಿಲ್ಲಿಸಿದರು.

ರಾತ್ರಿ ತಮ್ಮ ಆ ಮೂರು ಫೈಲನ್ನೂ ಕೇಬಲ್ ಹಾಕಿ ನನ್ನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿದ. ಒಂದೊಂದು 800 ಎಂಬಿ ಹತ್ತಿರ. ಯಾವ ಫೋಲ್ಡರಿಗೆ ಹಾಕಲಿ ಅಂತ ಕೇಳಿದ. ಅಜ್ಜನದ್ದು ಇರುವುದಕ್ಕೇ ಹಾಕು ಅಂದೆ.